ಹಿತ್ತಾಳೆ ಆ್ಯಂಗಲ್ ಕಾಕ್ ಸುತ್ತ ಬಿಳಿ ಪುಡಿ, ಈಗ ಸೋರಿಕೆ: ಗೋಡೆ ಒಡೆಸಲೇಬೇಕಾ?

ನಾಗರಭಾವಿ_ನಿವಾಸಿ

ಎಲ್ಲರಿಗೂ ನಮಸ್ಕಾರ. ಮನೆ 2011ರಲ್ಲಿ ಕಟ್ಟಿಸಿದ್ದು. ಗೋಡೆಯೊಳಗೆ ಸಿಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ಪೈಪ್, ಹೊರಗೆ ಕ್ರೋಮ್ ಹೊಡೆದ ಹಿತ್ತಾಳೆ ಆ್ಯಂಗಲ್ ಕಾಕ್ (ನೀರು ನಿಲ್ಲಿಸುವ ಸಣ್ಣ ವಾಲ್ವ್), ಅದನ್ನು ಗೋಡೆಯ ಪೈಪಿಗೆ ಸೇರಿಸುವ ತುಂಡು ಕೊಳವೆ ಅಂದರೆ ಎಕ್ಸ್‌ಟೆನ್ಷನ್ ನಿಪ್ಪಲ್. ನೆಲದ ಸಂಪ್‌ಗೆ ಕಾವೇರಿ ನೀರೂ ಬೀಳುತ್ತೆ, ಬೋರ್‌ವೆಲ್ ನೀರೂ ಬೀಳುತ್ತೆ. ಗೀಜರ್ ಪದೇ ಪದೇ ಉಪ್ಪು ಕಟ್ಟುತ್ತೆ ಅಂತ ಕೋವಿಡ್ ಮುಗಿದ ಮೇಲೆ ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಹಾಕಿಸಿದ್ವಿ.

ವಾಷ್ ಬೇಸಿನ್ ಕೆಳಗಿನ ಎರಡು ಕಾಕ್‌ಗಳ ಬುಡದಲ್ಲಿ ಬಿಳಿ ಪುಡಿ ಕಟ್ಟಿದೆ. ಒರೆಸಿದರೆ ಹೋಗುತ್ತೆ, ಹದಿನೈದು ದಿನಕ್ಕೆ ಮತ್ತೆ ಹಾಜರ್. ಪುಡಿ ಕೆರೆದಾಗ ಕೆಳಗೆ ತಾಮ್ರದ ಥರ ಕೆಂಪಗೆ ಒಂದು ಚುಕ್ಕೆ ಕಂಡಿತು. ಈಗ ಅಲ್ಲಿಂದಲೇ ಜಿನುಗುತ್ತಿದೆ. ಪ್ಲಂಬರ್ ಒಬ್ಬರು ಬಂದು ಪಾನಾ ಹಾಕಿ ಬಿಗಿ ಮಾಡಿದರು, ಒಂದು ವಾರ ನಿಂತು ಮತ್ತೆ ಶುರುವಾಯ್ತು. ಇನ್ನೊಬ್ಬರು "ಸಾರ್, ಒಳಗಿನ ಲೈನೆಲ್ಲ ಹೋಗಿದೆ, ಮೂರು ಬಾತ್‌ರೂಮ್ ಟೈಲ್ಸ್ ತೆಗೆದು ಹೊಸದಾಗಿ ಎಳೀಬೇಕು" ಅಂತಾರೆ. ಇದು ನಿಜವಾ? ಆ ಕೆಂಪು ಏನು?

ಎಚ್ಚರಿಕೆ_ಗಂಟೆ

ಎಂ-ಸೀಲ್ ಮೆತ್ತಿ. ನಮ್ಮನೇಲಿ ಹಾಗೇ ನಡೀತಿದೆ.

ಪಾನಾ_ಪಕ್ಕಡ್

ಎಂ-ಸೀಲ್ ತಪ್ಪಲ್ಲ ಸಾರ್, ಹಚ್ಚೋ ಜಾಗ ತಪ್ಪು. ಒಣಗಿರೋ ಕಡೆ, ಪ್ರೆಶರ್ ಇಲ್ಲದ ಕಡೆ ಹಿಡಿಯುತ್ತೆ. ನೀರು ಜಿನುಗ್ತಾ ಇರೋ ಥ್ರೆಡ್ ಮೇಲೆ ಮೆತ್ತಿದರೆ ಒಳಗೆ ಏನಾಗ್ತಿದೆ ಅಂತ ಕಾಣೋದೂ ನಿಲ್ಲುತ್ತೆ. ನಾನು ಈ ಕೆಲಸ ಮಾಡೋನೇ. ನಾಗರಭಾವಿ ಸಾರ್, ದಯವಿಟ್ಟು ಅದನ್ನ ಇನ್ನೊಂದು ಸಲ ಬಿಗಿ ಮಾಡಿಸಬೇಡಿ. ಕೆಂಪು ಕಂಡ ಹಿತ್ತಾಳೆ ಮೇಲೆ ಪಾನಾ ಹಾಕಿದ್ರೆ ಕೈಗೆ ಅರ್ಧ ಬರುತ್ತೆ, ಅರ್ಧ ಗೋಡೆಯೊಳಗೆ ಉಳಿಯುತ್ತೆ. ರಾತ್ರಿ ಹೊತ್ತು ಆದರಂತೂ ಕೇಳಲೇಬೇಡಿ.

ಮೊದಲು ಟೆರೇಸ್ ಮೇಲಿನ ವಾಲ್ವ್ ಪೂರ್ತಿ ಮುಚ್ಚುತ್ತಾ ಅಂತ ನೋಡಿಕೊಳ್ಳಿ. ಬಾಕಿ ಮಾತು ಆಮೇಲೆ.

ಭದ್ರಾವತಿ_ಫೌಂಡ್ರಿ

ಆ ಕೆಂಪು ತಾಮ್ರವೇ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ನಲ್ಲಿ, ನಿಪ್ಪಲ್‌ಗಳಿಗೆ ಬಳಸುವ ಸಾಮಾನ್ಯ ಹಿತ್ತಾಳೆಯಲ್ಲಿ ಸುಮಾರು 60 ಭಾಗ ತಾಮ್ರ, 40ರ ಹತ್ತಿರ ಸತು, ಕಡೆಯಲು ಸುಲಭವಾಗಲಿ ಅಂತ ಎರಡು ಮೂರು ಭಾಗ ಸೀಸ. ಸತು 15 ಪರ್ಸೆಂಟ್ ದಾಟಿದ ಹಿತ್ತಾಳೆಗೆ ಒಂದು ರೋಗವಿದೆ: ನೀರು ಸತುವನ್ನು ಆರಿಸಿಕೊಂಡು ಕರಗಿಸುತ್ತೆ, ತಾಮ್ರ ಹಾಗೇ ಉಳಿಯುತ್ತೆ. ಇಂಗ್ಲಿಷಿನಲ್ಲಿ ಡೀಜಿಂಕಿಫಿಕೇಷನ್ ಅನ್ನುತ್ತಾರೆ. ಗೆದ್ದಲು ಹಿಡಿದ ಬಾಗಿಲ ಚೌಕಟ್ಟು ಬಣ್ಣದ ಬಲದಲ್ಲಿ ನಿಂತಿರುತ್ತಲ್ಲ, ಹಾಗೇ ಇದು. ಆಕಾರ ಬದಲಾಗುವುದಿಲ್ಲ, ಅಳತೆ ಬದಲಾಗುವುದಿಲ್ಲ, ಥ್ರೆಡ್ ಕೂಡ ಥ್ರೆಡ್ಡಿನಂತೆಯೇ ಕಾಣುತ್ತೆ. ಒಳಗೆ ಮಾತ್ರ ಸಣ್ಣ ಸಣ್ಣ ತೂತುಗಳ ಪುಡಿ ತಾಮ್ರ. ಬಲವೂ ಇಲ್ಲ, ನೀರು ತಡೆಯುವುದೂ ಇಲ್ಲ.

ಇದರಲ್ಲಿ ಎರಡು ಬಗೆ. ಒಂದು ಒಳಮೈ ಪೂರಾ ಪದರವಾಗಿ ಹೋಗುವುದು, ಇನ್ನೊಂದು ಒಂದೇ ಜಾಗದಲ್ಲಿ ಬಿರಟೆಯ ಆಕಾರದಲ್ಲಿ ಆಳಕ್ಕೆ ಇಳಿಯುವುದು. ನೀವು ಹೇಳಿದ ಕೆಂಪು ಚುಕ್ಕೆ ಎರಡನೆಯದು ಅನ್ನಿಸುತ್ತೆ. ಸುತ್ತಲಿನ ಲೋಹ ಗಟ್ಟಿಯಾಗಿರುತ್ತೆ, ಆ ಚುಕ್ಕೆಯ ಮೂಲಕ ಮಾತ್ರ ನೀರು ಬೆವರುತ್ತೆ. ಹೊರಗೆ ಬಂದ ನೀರು ಆರಿ ಉಳಿಯುವುದೇ ಬಿಳಿ ಪುಡಿ. ಅದರಲ್ಲಿ ಸತುವಿನ ಸಂಯುಕ್ತಗಳೂ ಇರುತ್ತವೆ, ನೀರಿನ ಸುಣ್ಣವೂ ಇರುತ್ತೆ.

ಪುಡಿ ನೋಡಿ ಮಾತ್ರ ತೀರ್ಮಾನಕ್ಕೆ ಬರಬೇಡಿ. ವಿನೆಗರ್ ಹಾಕಿ ನೊರೆ ಬಂದರೆ ಬರೀ ಸುಣ್ಣ ಅಂತ ಕೆಲವರು ಹೇಳ್ತಾರೆ. ಸತುವಿನ ಕಾರ್ಬೊನೇಟಿಗೂ ನೊರೆ ಬರುತ್ತೆ. ಪುಡಿಯ ಕೆಳಗೆ ಏನಿದೆ ಅನ್ನುವುದು ಮುಖ್ಯ.

ಹುಣಸೆಹಣ್ಣು

ನಾನು ಪೂಜೆ ಸಾಮಾನು ತಿಕ್ಕುವ ಹಾಗೆ ಹುಣಸೆಹಣ್ಣು ಉಪ್ಪು ಹಾಕಿ ನಮ್ಮ ಹಿತ್ತಲ ನಲ್ಲಿ ತಿಕ್ಕಿದೆ. ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿದೆ! ಅದೂ ಹೋಯ್ತು ಅಂತ ಅರ್ಥನಾ?

ಭದ್ರಾವತಿ_ಫೌಂಡ್ರಿ

ಇಲ್ಲಮ್ಮ, ಹೆದರಬೇಡಿ. ಹುಳಿ ಹಚ್ಚಿದಾಗ ಮೇಲ್ಮೈಯಲ್ಲಿ ಮಾತ್ರ ತೆಳ್ಳಗೆ ತಾಮ್ರದ ಬಣ್ಣ ಬರುತ್ತೆ. ನೀರು ಪೇಪರಿನಲ್ಲಿ (ಉಜ್ಜುವ ಮರಳು ಕಾಗದ) ನಾಲ್ಕು ಸಲ ಉಜ್ಜಿ. ಕೆಳಗೆ ಹಳದಿ ಕಂಡರೆ ನಲ್ಲಿ ಚೆನ್ನಾಗಿದೆ. ಅರದಿಂದ ಉಜ್ಜಿದಷ್ಟೂ ಕೆಂಪೇ ಬಂದರೆ, ಉದುರುವ ಪುಡಿಯೂ ಕೆಂಪಾಗಿದ್ದರೆ, ಅದು ರೋಗ. ಬಿಚ್ಚಿದ ನಿಪ್ಪಲ್‌ನ ತುದಿಯನ್ನು ಅರದಿಂದ ಚಪ್ಪಟೆ ಮಾಡಿ ನೋಡಿ. ಹೊರಗೆ ಹಳದಿ ಬಳೆ, ಒಳಗೆ ಕೆಂಪು ಬಳೆ ಎರಡೂ ಸ್ಪಷ್ಟವಾಗಿ ಕಾಣುತ್ತೆ. ಹಳದಿ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮ್ಮ ನಿಪ್ಪಲ್.

ಹಸಿರು ಕಿಲುಬು ಬೇರೆ ವಿಷಯ. ಅದು ತಾಮ್ರದ ಅಂಶದ್ದು, ಹೆಚ್ಚಾಗಿ ಮೇಲ್ಮೈಯದು. ಕಿಲುಬು ಕಂಡ ತಕ್ಷಣ ಫಿಟಿಂಗ್ ಬಿಸಾಡುವ ಅಗತ್ಯವಿಲ್ಲ. ಆದರೆ ಜಾಯಿಂಟಿನ ಒಂದೇ ಕಡೆ ಕಿಲುಬು ಕಟ್ಟುತ್ತಿದ್ದರೆ ಅಲ್ಲಿ ತೇವ ಇದೆ ಅಂತ ಲೆಕ್ಕ.

ಎಚ್ಚರಿಕೆ_ಗಂಟೆ

ಇದೆಲ್ಲ ಸೈನ್ಸು ಸರಿ. ನಮ್ಮ ತಾತನ ಮನೆ ಹಿತ್ತಾಳೆ ನಲ್ಲಿ ನಲವತ್ತು ವರ್ಷ ಬಂತು, ವಾಷರ್ ಬಿಟ್ಟು ಬೇರೇನೂ ಬದಲಾಯಿಸಲಿಲ್ಲ. ಈಗಿನದು ಹತ್ತು ವರ್ಷಕ್ಕೆ ಮಣ್ಣಾಗುತ್ತೆ. ನೀರಿನ ಮೇಲೆ ಯಾಕೆ ಗೂಬೆ ಕೂರಿಸ್ತೀರಿ? ಮಾಲು ಕಳಪೆ ಅಷ್ಟೇ.

ಪಾನಾ_ಪಕ್ಕಡ್

ಅರ್ಧ ಒಪ್ತೀನಿ. ಹಳೇ ನಲ್ಲಿ ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗೋದು. ಗೋಡೆ ದಪ್ಪ. ಈಗ ಬರೋ ಎಕ್ಸ್‌ಟೆನ್ಷನ್ ನಿಪ್ಪಲ್ ಕೆಲವು ಎಷ್ಟು ತೆಳು ಅಂದ್ರೆ ಥ್ರೆಡ್ ಹಾಕಿದ ಮೇಲೆ ಕೆಳಗೆ ಒಂದು ಮಿಲಿಮೀಟರ್ ಲೋಹ ಉಳಿದಿದ್ರೆ ಪುಣ್ಯ. ಬಿಚ್ಚಿದಾಗ ನಾನು ನೋಡೋದು ಯಾವಾಗಲೂ ನಿಪ್ಪಲ್ ಹೋಗಿರೋದು, ಕಾಕ್ ಬಾಡಿ ಅಲ್ಲ. ಮನೆಯವರು ದುಬಾರಿ ಕಂಪನಿ ಟ್ಯಾಪ್ ತರ್ತಾರೆ, ಗೋಡೆಯೊಳಗೆ ಹೋಗೋ ನಿಪ್ಪಲ್ ಮಾತ್ರ ಕಂಟ್ರಾಕ್ಟರ್ ಜೇಬಿಂದ ಬರುತ್ತೆ.

ಇನ್ನೊಂದು, "ಹಿತ್ತಾಳೆ" ಅಂತ ಕೊಡೋದೆಲ್ಲ ಹಿತ್ತಾಳೆ ಅಲ್ಲ. ಸತುವಿನ ಅಚ್ಚಿಗೆ ಕ್ರೋಮ್ ಹೊಡೆದು ಮಾರೋದು ಬೇಕಾದಷ್ಟಿದೆ. ಅಂಗಡಿಯಲ್ಲಿ ನೋಡೋ ರೀತಿ: ಥ್ರೆಡ್ಡಿನ ಒಳಗೆ, ಕ್ರೋಮ್ ತಲುಪದ ಜಾಗದಲ್ಲಿ ಬೆರಳು ಹಾಕಿ ಬೆಳಕಿಗೆ ಹಿಡಿಯಿರಿ. ಹಳದಿ ಇದ್ದರೆ ಹಿತ್ತಾಳೆ, ಬೂದು ಇದ್ದರೆ ಅಲ್ಲ. ಮ್ಯಾಗ್ನೆಟ್ ಹಿಡಿದು ಅಂಟಲಿಲ್ಲ ಅಂತ ಸಮಾಧಾನ ಮಾಡ್ಕೋಬೇಡಿ, ಸತುವಿಗೂ ಅಂಟಲ್ಲ. ಕಬ್ಬಿಣ ಇದ್ದರೆ ಮಾತ್ರ ಅದು ಹೇಳುತ್ತೆ.

ಭದ್ರಾವತಿ_ಫೌಂಡ್ರಿ

ಎಚ್ಚರಿಕೆ ಗಂಟೆಯವರೇ, ನಿಮ್ಮ ತಾತನ ನಲ್ಲಿ ಗನ್‌ಮೆಟಲ್ ಆಗಿದ್ದಿರಬಹುದು. ತಾಮ್ರ 85, ತವರ 5, ಸತು 5, ಸೀಸ 5 ಇರುವ ಎರಕ. ಸತು ಅಷ್ಟು ಕಡಿಮೆ ಇದ್ದಾಗ ಈ ರೋಗ ಹತ್ತುವುದಿಲ್ಲ. ಈಗಲೂ ಹಾರ್ಡ್‌ವೇರ್ ಅಂಗಡಿಯಲ್ಲಿ ಗನ್‌ಮೆಟಲ್ ಗೇಟ್ ವಾಲ್ವ್ ಕೇಳಿದರೆ ಕೊಡುತ್ತಾರೆ. ಐಎಸ್ 778 ಅನ್ನುವುದು ಆ ವಾಲ್ವ್‌ಗಳ ಭಾರತೀಯ ಮಾನಕ, ಮುದ್ರೆ ನೋಡಿ ತೆಗೆದುಕೊಳ್ಳಿ.

ನಮ್ಮ ದೇಶದ ಹಿತ್ತಾಳೆ ಬಿಡಿಭಾಗಗಳ ದೊಡ್ಡ ಪಾಲು ಬರುವುದು ಗುಜರಾತಿನ ಜಾಮ್‌ನಗರದಿಂದ. ಅಲ್ಲಿ ಗುಜರಿ ಲೋಹ ಕರಗಿಸಿ ಮಾಡುವುದು ವಾಡಿಕೆ. ಗುಜರಿಯಿಂದ ಮಾಡಿದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ನಾವು ಫೌಂಡ್ರಿಯಲ್ಲಿ ಮಾಡಿದ್ದೂ ಅದನ್ನೇ. ಕರಗಿಸಿದ ಮೇಲೆ ಪರೀಕ್ಷೆ ಮಾಡಿ ಸರಿದೂಗಿಸುತ್ತಾರೋ ಇಲ್ಲವೋ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಆದರೆ ನೀರಿನ ಪಾತ್ರ ಇಲ್ಲ ಅನ್ನುವ ಮಾತು ಒಪ್ಪಲಾರೆ. ಒಂದೇ ಡಬ್ಬದ ನಿಪ್ಪಲ್ ಒಂದು ಊರಲ್ಲಿ ಇಪ್ಪತ್ತು ವರ್ಷ ಬಾಳಿ ಇನ್ನೊಂದು ಊರಲ್ಲಿ ಐದಕ್ಕೆ ಹೋಗುತ್ತೆ. ಕ್ಲೋರೈಡ್ ಹೆಚ್ಚಿದ್ದು ಅದಕ್ಕೆ ತಕ್ಕಷ್ಟು ಬೈಕಾರ್ಬೊನೇಟ್ ಗಡಸುತನ ಇಲ್ಲದಿದ್ದರೆ ಹಿತ್ತಾಳೆಗೆ ಕಷ್ಟ. ನೀರು ನಿಂತಿದ್ದರೆ ಕಷ್ಟ. ಬಿಸಿಯಾದರೆ ಇನ್ನೂ ಕಷ್ಟ. ಅದಕ್ಕೇ ಗೀಜರ್ ಲೈನಿನ ಫಿಟಿಂಗ್ ಮೊದಲು ಹೋಗುತ್ತೆ, ಬಳಸದ ಗೆಸ್ಟ್ ರೂಮಿನದು ಎರಡನೆಯದು.

ಧಾರವಾಡ_ಪೇಡೆ

ನಮ್ಮ ಕಡಿ ಬ್ಯಾರೆ ಕತಿ ನೋಡ್ರಿ. ಹುಬ್ಬಳ್ಳಿ-ಧಾರವಾಡದಾಗ 2008ರ ಸುಮಾರು ಕೆಲವು ವಾರ್ಡಿಗೆ 24 ತಾಸು ನೀರು ಕೊಡೂದು ಚಾಲೂ ಮಾಡಿದ್ರು. ಅದಕ್ಕ ಮೊದಲ ನಾಕು ದಿನಕ್ಕೊಮ್ಮಿ, ಎಂಟು ದಿನಕ್ಕೊಮ್ಮಿ ನೀರು ಬರ್ತಿತ್ತು, ನಳದಾಗ ಸೋರಿಕಿ ಐತೋ ಇಲ್ಲೋ ಯಾರಿಗೂ ಗೊತ್ತ ಆಗ್ತಿರಲಿಲ್ಲ. ನಮ್ಮ ಓಣಿಗೆ ದಿನಪೂರ್ತಿ ಪ್ರೆಶರ್ ಬಂದ ಮ್ಯಾಲ ಎಲ್ಲಾರ ಮನ್ಯಾಗೂ ಹಳೇ ಜಾಯಿಂಟ್ ಒಂದೊಂದ ಹನಿ ಹಾಕಾಕ ಹತ್ತಿದ್ವು. ಮಂದಿ ಹೊಸ ನೀರನ್ನ ಬೈದ್ರು. ನೀರಿಂದ ಏನೂ ತಪ್ಪಿರಲಿಲ್ರಿ, ಮೊದಲs ಸವದಿದ್ದ ಥ್ರೆಡ್ ಆಗ ಕಂಡ್ವು ಅಷ್ಟ.

ನಾಗರಭಾವಿಯವರ, ನಿಮ್ಮ ಮನ್ಯಾಗ ಪ್ರೆಶರ್ ಪಂಪ್ ಐತೇನ್ರಿ? ಹೊಸದಾಗಿ ಹಾಕಿದ್ರ ಅದನ್ನೂ ಲೆಕ್ಕಕ್ಕ ತಗೋರಿ. ಟ್ಯಾಂಕ್ ಹತ್ತು ಮೀಟರ್ ಮ್ಯಾಲಿದ್ರ ಒಂದು ಬಾರ್ ಪ್ರೆಶರ್. ಪಂಪ್ ಅದನ್ನ ಎರಡು ಮೂರು ಮಾಡ್ತೈತಿ.

ಉಡುಪಿ_ಬಾವಿಕಟ್ಟೆ

ನಮ್ಮಲ್ಲಿ ಬೋರ್‌ವೆಲ್ಲೂ ಇಲ್ಲ, ಸಾಫ್ಟ್‌ನರೂ ಇಲ್ಲ ಮಾರಾಯ್ರೆ. ಬಾವಿ ನೀರು, ಕುಡಿಯಲಿಕ್ಕೆ ಸಿಹಿ. ಆದರೂ ಎರಡು ಆ್ಯಂಗಲ್ ಕಾಕ್ ಹೋಗಿಯಾಯ್ತು. ಬೇಸಿನ್‌ನಲ್ಲಿ ನಲ್ಲಿಯ ಬಾಯಿಯಿಂದ ಕೆಳಗೆ ನೀಲಿ-ಹಸಿರು ಗೆರೆ ಉಂಟು, ಎಷ್ಟು ತಿಕ್ಕಿದರೂ ಮತ್ತೆ ಬರ್ತದೆ. ಅದು ಎಂತದು?

ಭದ್ರಾವತಿ_ಫೌಂಡ್ರಿ

ಅದು ಕರಗಿ ಬಂದ ತಾಮ್ರ. ಕರಾವಳಿಯ ಮುರಕಲ್ಲು ನೆಲದ ಬಾವಿಗಳಲ್ಲಿ ನೀರು ಮೆದು, ಜೊತೆಗೆ ಸ್ವಲ್ಪ ಆಮ್ಲೀಯ. ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಪಿಎಚ್ 6.5ರಿಂದ 8.5ರ ಒಳಗಿರಬೇಕು. ಅಲ್ಲಿನ ಎಷ್ಟೋ ಬಾವಿಗಳದು ಅದಕ್ಕಿಂತ ಕೆಳಗಿರುತ್ತೆ. ಅಂಥ ನೀರು ಹಿತ್ತಾಳೆಯನ್ನು ಆರಿಸಿ ತಿನ್ನುವುದಕ್ಕಿಂತ ತಾಮ್ರ, ಸತು ಎರಡನ್ನೂ ಕರಗಿಸುತ್ತೆ. ಪಿಎಚ್ ಪಟ್ಟಿ ತಂದು ನೋಡಿ, ಅಥವಾ ಸ್ಯಾಂಪಲ್ ಕೊಟ್ಟು ಪರೀಕ್ಷೆ ಮಾಡಿಸಿ. ಕಡಿಮೆ ಬಂದರೆ ಸುಣ್ಣಕಲ್ಲಿನ ಹರಳು ತುಂಬಿದ ಕ್ಯಾಲ್ಸೈಟ್ ಫಿಲ್ಟರ್ ಹಾಕಿಸಬಹುದು. ಕಲ್ಲು ನಿಧಾನವಾಗಿ ಕರಗಿ ಪಿಎಚ್ ಏರಿಸುತ್ತೆ, ವರ್ಷಕ್ಕೊಮ್ಮೆ ಹರಳು ತುಂಬಬೇಕಾಗುತ್ತೆ.

ಉಡುಪಿ_ಬಾವಿಕಟ್ಟೆ

ಹಾಗಾದರೆ ಅಜ್ಜಿ ವರ್ಷಕ್ಕೊಮ್ಮೆ ಬಾವಿಗೆ ಸುಣ್ಣ ಹಾಕಿಸ್ತಿದ್ದದ್ದು ಸುಮ್ಮನೆ ಅಲ್ಲ. ನಾವು ಟೈಲ್ಸ್ ಹಾಕಿದ ಮೇಲೆ ಅದನ್ನೆಲ್ಲ ಬಿಟ್ಟದ್ದು.

ಹಾಸನ_ಹೈದ

ನಮ್ದು ಇನ್ನೊಂದು ವಿಚಿತ್ರ ಐತೆ ಕಣ್ರೀ. ಕೊಟ್ಟಿಗೆಗೆ ನೀರು ಹೋಗೋ ಲೈನಲ್ಲಿ ಹಿತ್ತಾಳೆ ಯೂನಿಯನ್ ನಟ್ಟು (ಎರಡು ಪೈಪ್ ಸೇರಿಸೋದು) ಎರಡು ಸಲ ಸೀಳಿ ಹೋಯ್ತು. ಪುಡಿ ಇಲ್ಲ, ಕೆಂಪಿಲ್ಲ. ಉದ್ದಕ್ಕೆ ಗೆರೆ ಎಳೆದಂಗೆ ಬಿರುಕು. ಮನೆ ಕಡೆ ಲೈನಲ್ಲಿ ಅದೇ ನಟ್ಟು ಚೆನ್ನಾಗೈತೆ. ಅಂಗಡಿಯೋನು ಜಾಸ್ತಿ ಬಿಗಿ ಮಾಡಿದ್ದೀರಿ ಅಂತಾನೆ.

ಭದ್ರಾವತಿ_ಫೌಂಡ್ರಿ

ಅಂಗಡಿಯವನ ಮಾತೂ ಅರ್ಧ ಸರಿ, ಉಳಿದರ್ಧ ನಿಮ್ಮ ದನಗಳದು. ಗಂಜಲದಿಂದ ಅಮೋನಿಯಾ ಏಳುತ್ತೆ. ಬಿಗಿದು ಎಳೆತದಲ್ಲಿರುವ ಹಿತ್ತಾಳೆಗೆ ತೇವದ ಜೊತೆ ಅಮೋನಿಯಾ ತಾಗಿದರೆ ಹೀಗೆ ಸೀಳುತ್ತೆ. ಇದರ ಕಥೆ ನಮ್ಮ ದೇಶದ್ದೇ. ಬ್ರಿಟಿಷ್ ಸೈನ್ಯ ಇಲ್ಲಿ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ನೋಡಿದರೆ ಹಿತ್ತಾಳೆ ಚಿಪ್ಪುಗಳೆಲ್ಲ ಬಿರುಕು. ಕಾಲ ಕಾಲಕ್ಕೆ ಬರುವ ಬಿರುಕು ಅಂತ "ಸೀಸನ್ ಕ್ರ್ಯಾಕಿಂಗ್" ಹೆಸರಿಟ್ಟರು. ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ: ಕುದುರೆ ಮೂತ್ರದ ಅಮೋನಿಯಾ, ಜೊತೆಗೆ ತಣ್ಣಗೆ ಎಳೆದು ಮಾಡಿದ ಲೋಹದಲ್ಲಿ ಉಳಿದುಕೊಂಡ ಸೆಳೆತ. ಚಿಪ್ಪನ್ನು ಹದವಾಗಿ ಕಾಯಿಸಿ ಸೆಳೆತ ಕಳೆದ ಮೇಲೆ ತೊಂದರೆ ತಪ್ಪಿತು.

ಕೊಟ್ಟಿಗೆ ಲೈನಿಗೆ ಪ್ಲಾಸ್ಟಿಕ್ ಯೂನಿಯನ್ ಹಾಕಿ. ಪೇಟೆಯವರಿಗೂ ಒಂದು ಮಾತು: ಸಿಂಕ್ ಕೆಳಗೆ ಅಮೋನಿಯಾ ಇರುವ ಕ್ಲೀನರ್ ಬಾಟಲಿ ಇಟ್ಟು ಬಾಗಿಲು ಮುಚ್ಚುವ ಅಭ್ಯಾಸ ಬಿಡಿ. ಬಾತ್‌ರೂಮಿಗೆ ಹಾಕುವ ಆ್ಯಸಿಡ್ ಬಾಟಲಿಯೂ ಅಲ್ಲಿ ಬೇಡ. ಅದರ ಹೊಗೆಗೆ ಕ್ರೋಮ್ ಏಳುತ್ತೆ, ಕನೆಕ್ಷನ್ ಪೈಪಿನ ಸ್ಟೀಲ್ ಹೆಣಿಗೆ ತುಕ್ಕು ಹಿಡಿದು ಒಂದು ದಿನ ಪೈಪೇ ಒಡೆಯುತ್ತೆ.

ಹಾಸನ_ಹೈದ

ದನ ಕುದುರೆ ಎಲ್ಲ ಒಂದೇ ಕೇಸು ಅನ್ನಿ. ಹಾಕ್ತೀನಿ ಪ್ಲಾಸ್ಟಿಕ್ಕು.

ನಾಗರಭಾವಿ_ನಿವಾಸಿ

ಧಾರವಾಡದವರೇ, ಪ್ರೆಶರ್ ಪಂಪ್ ಇಲ್ಲ. ಹಾಗಿದ್ದರೆ ನಮ್ಮ ಮನೆಯಲ್ಲಿ ಸಾಫ್ಟ್‌ನರ್ ಹಾಕಿಸಿದ್ದೇ ಕಾರಣವಾ? ಮಾರಿದವರು ಫಿಟಿಂಗ್ ಆಯುಸ್ಸು ಹೆಚ್ಚುತ್ತೆ ಅಂದಿದ್ದರು.

ಭದ್ರಾವತಿ_ಫೌಂಡ್ರಿ

ಗೀಜರಿನ ಆಯುಸ್ಸು ಹೆಚ್ಚುತ್ತೆ, ನಿಜ. ಹಿತ್ತಾಳೆಯ ಲೆಕ್ಕ ಬೇರೆ. ಗಡಸು ನೀರು ಲೋಹದ ಒಳಮೈಗೆ ತೆಳ್ಳಗೆ ಸುಣ್ಣ ಬಳಿಯುತ್ತೆ, ಅದು ಒಂದು ರೀತಿಯ ಕಾಪು. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಷಿಯಂ ತೆಗೆದು ಸೋಡಿಯಂ ಕೊಡುತ್ತೆ. ಕ್ಲೋರೈಡಿಗೆ ಕೈ ಹಚ್ಚುವುದೇ ಇಲ್ಲ. ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಕೂಡ ಇಳಿಯುವುದಿಲ್ಲ, ಮೀಟರ್ ಹಾಕಿ ನೋಡಿ. ಅಂದರೆ ಉಪ್ಪು ಹಾಗೇ ಉಳಿಯಿತು, ಕಾಪು ಮಾತ್ರ ಹೋಯಿತು. ಇದರ ಮೇಲೆ, ರೀಜನರೇಷನ್ (ಉಪ್ಪುನೀರು ಹಾಯಿಸಿ ಸಾಫ್ಟ್‌ನರನ್ನು ಮತ್ತೆ ಸಜ್ಜು ಮಾಡುವುದು) ಆದ ನಂತರ ಸರಿಯಾಗಿ ತೊಳೆಯದೆ ವಾಲ್ವ್ ತಿರುಗಿಸಿದರೆ ಅಡುಗೆ ಉಪ್ಪಿನ ನೀರೇ ಲೈನಿಗೆ ಹೋಗುತ್ತೆ.

ಆದರೂ ಅದೊಂದೇ ಕಾರಣ ಅಂತ ನಾನು ಬರೆದುಕೊಡುವುದಿಲ್ಲ. ಬೋರ್‌ವೆಲ್ ನೀರಿನ ಕ್ಲೋರೈಡ್ ಎಷ್ಟಿದೆ ಅಂತ ಮೊದಲು ನೋಡಬೇಕು. ಮಾನಕದಲ್ಲಿ 250 ಮಿಲಿಗ್ರಾಂ ಪ್ರತಿ ಲೀಟರಿಗೆ, ಬೇರೆ ದಾರಿಯೇ ಇಲ್ಲದಿದ್ದರೆ 1000ದವರೆಗೂ ಕುಡಿಯಬಹುದು ಅಂತಿದೆ. ಕುಡಿಯುವವರಿಗೆ ಹಾಕಿದ ಗೆರೆ ಅದು, ಹಿತ್ತಾಳೆಗಲ್ಲ.

ಎಚ್ಚರಿಕೆ_ಗಂಟೆ

ನಮ್ಮ ಪಕ್ಕದ ಮನೆಯಲ್ಲಿ ಸಾಫ್ಟ್‌ನರ್ ಇಲ್ಲ, ಅವರದೂ ಹೋಗಿದೆ. ಇದಕ್ಕೇನಂತೀರಿ?

ಭದ್ರಾವತಿ_ಫೌಂಡ್ರಿ

ಮಾಲು ಕಳಪೆ ಅಂತೀನಿ. ನೀವೇ ಹೇಳಿದಿರಲ್ಲ!

ಮೆಲ್ಬರ್ನ್_ಮೈಸೂರಿಗ

ಓದಿ ನಗು ಬಂತು. ಇಲ್ಲಿ ಆಸ್ಟ್ರೇಲಿಯಾದಲ್ಲಿ ಪ್ಲಂಬಿಂಗ್ ಹಿತ್ತಾಳೆ ಮೇಲೆ "ಡಿಆರ್" ಅಂತ ಅಚ್ಚೊತ್ತಿರುತ್ತಾರೆ, ಸತು ಕರಗದ ಹಿತ್ತಾಳೆ ಅಂತ ಅರ್ಥ. ವಾಟರ್‌ಮಾರ್ಕ್ ಅನ್ನೋ ಪ್ರಮಾಣಪತ್ರವೂ ಬೇಕು. ಬ್ರಿಟನ್ನಿನಲ್ಲಿ "ಸಿಆರ್" ಗುರುತು, ಲೋಹದ ಹೆಸರು ಡಿಜೆಡ್‌ಆರ್. ಭಾರತದಲ್ಲೂ ಕೆಲವು ಕಂಪನಿಯವರು ರಫ್ತಿಗೆ ಅದನ್ನೇ ಮಾಡ್ತಾರೆ, ಕೇಳಿ ನೋಡಿ. ಕ್ಯಾಟಲಾಗಿನಲ್ಲಿ ಸಿಡಬ್ಲ್ಯು602ಎನ್ ಅಂತ ಇದ್ದರೆ ಅದು ಆ ಜಾತಿಯದೇ. ಸಾಮಾನ್ಯ ಹಿತ್ತಾಳೆಗೆ ಅಷ್ಟಿಷ್ಟು ಆರ್ಸೆನಿಕ್ ಸೇರಿಸಿ ಮಾಡ್ತಾರೆ.

ಹುಣಸೆಹಣ್ಣು

ಆರ್ಸೆನಿಕ್?! ವಿಷ ಅಲ್ವಾ ಅದು? ಮನೆ ನೀರಿಗೆ?

ಭದ್ರಾವತಿ_ಫೌಂಡ್ರಿ

0.02ರಿಂದ 0.15 ಪರ್ಸೆಂಟ್ ಅಷ್ಟೇ, ಲೋಹದೊಳಗೆ ಕರಗಿ ಕೂತಿರುತ್ತೆ. ಕುಡಿಯುವ ನೀರಿನ ಕಾನೂನು ಬಲು ಬಿಗಿ ಇರುವ ದೇಶಗಳಲ್ಲೇ ಬಳಸುತ್ತಿರುವುದು. ನೀವು ಯೋಚಿಸಬೇಕಾದದ್ದು ಸೀಸದ ಬಗ್ಗೆ. ಐಎಸ್ 10500ರಲ್ಲಿ ಸೀಸಕ್ಕೆ 0.01 ಮಿಲಿಗ್ರಾಂ ಮಿತಿ, ಅದರಲ್ಲಿ ರಿಯಾಯಿತಿ ಇಲ್ಲ. ಅಮೆರಿಕದಲ್ಲಿ 2014ರ ಜನವರಿಯಿಂದ ಕುಡಿಯುವ ನೀರು ತಾಗುವ ಫಿಟಿಂಗಿನಲ್ಲಿ ಸೀಸ ಸರಾಸರಿ 0.25 ಪರ್ಸೆಂಟ್ ಮೀರುವ ಹಾಗಿಲ್ಲ. ರಾತ್ರಿಯಿಡೀ ನಲ್ಲಿಯಲ್ಲಿ ನಿಂತ ನೀರನ್ನು ಬೆಳಿಗ್ಗೆ ಮಗುವಿನ ಹಾಲಿಗೆ, ಅಡುಗೆಗೆ ಹಿಡಿಯಬೇಡಿ. ಮೊದಲ ಒಂದೆರಡು ಚೊಂಬು ಗಿಡಕ್ಕೆ ಹಾಕಿ. ಕಾಯಿಸಿದರೆ ಸೀಸ ಹೋಗುವುದಿಲ್ಲ, ನೀರು ಇಂಗಿ ಅದು ಇನ್ನಷ್ಟು ಸಾಂದ್ರವಾಗುತ್ತೆ.

ಡಿಜೆಡ್‌ಆರ್ ಅಂತ ಯಾರಾದರೂ ಮಾರಿದರೆ ಐಎಸ್‌ಒ 6509 ಪರೀಕ್ಷೆಯ ವರದಿ ಕೇಳಿ. ಕ್ಯುಪ್ರಿಕ್ ಕ್ಲೋರೈಡ್ ದ್ರಾವಣದಲ್ಲಿ 75 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಕೊಯ್ದು, ಸತು ಎಷ್ಟು ಆಳಕ್ಕೆ ಹೋಗಿದೆ ಅಂತ ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ವರದಿ ಇದ್ದವರು ಖುಷಿಯಿಂದ ತೋರಿಸುತ್ತಾರೆ.

ನಾಗರಭಾವಿ_ನಿವಾಸಿ

ಪಾನಾ ಪಕ್ಕಡ್ ಅವರೇ, ಈಗ ಬಿಚ್ಚುವ ಕೆಲಸ ಹೇಳಿ. ನಮ್ಮ ಪ್ಲಂಬರ್ ಎದುರಿಗೆ ನಿಂತು ನಾನು ಏನೇನು ಗಮನಿಸಬೇಕು? ಟೆರೇಸ್ ವಾಲ್ವ್ ಮುಚ್ಚುತ್ತೆ, ನೋಡಿದೆ.

ಪಾನಾ_ಪಕ್ಕಡ್

ಸಾರ್, ಉದ್ದ ಆಗುತ್ತೆ, ಓದಿ.

ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿ ಬಿಟ್ಟು ಲೈನ್ ಖಾಲಿ ಮಾಡಿ. ಬಿಸಿನೀರಿನ ಕಡೆಯಾದರೆ ಗೀಜರ್ ಸ್ವಿಚ್ ಆಫ್, ಆರೋವರೆಗೂ ಕಾಯಿರಿ. ಆಮೇಲೆ ಎರಡು ಪಾನಾ. ಒಂದರಲ್ಲಿ ಗೋಡೆಯಿಂದ ಬಂದಿರೋ ನಿಪ್ಪಲ್ ಹಿಡಿಯಬೇಕು, ಇನ್ನೊಂದರಲ್ಲಿ ಕಾಕ್ ತಿರುಗಿಸಬೇಕು. ಒಂದೇ ಪಾನಾ ಹಾಕಿ ಜೋರು ಮಾಡಿದರೆ ಗೋಡೆಯೊಳಗೆ ಸಿಪಿವಿಸಿ ಎಲ್ಬೋದಲ್ಲಿ (ಪೈಪಿನ ಮೂಲೆ ತಿರುವಿನ ತುಂಡು) ಕೂರಿಸಿರೋ ಹಿತ್ತಾಳೆ ಇನ್ಸರ್ಟ್ (ಥ್ರೆಡ್ ಇರೋ ಬಳೆ) ಪ್ಲಾಸ್ಟಿಕ್ಕಿನೊಳಗೇ ತಿರುಗಿಬಿಡುತ್ತೆ. ಆಗ ನಿಜವಾಗಲೂ ಗೋಡೆ ಒಡೀಬೇಕು. ನಿಮ್ಮ ಪ್ಲಂಬರ್ ಒಂದೇ ಪಾನಾ ತಂದಿದ್ದರೆ ಕಾಫಿ ಕೊಟ್ಟು ಕಳಿಸಿ.

ನಿಪ್ಪಲ್ ಮುರಿದು ಥ್ರೆಡ್ ಒಳಗೆ ಉಳೀತು ಅಂದುಕೊಳ್ಳಿ. ಗಾಬರಿ ಬೇಡ. ಹ್ಯಾಕ್ಸಾ ಬ್ಲೇಡ್ ತುಂಡು ಬಟ್ಟೆ ಸುತ್ತಿ ಕೈಯಲ್ಲಿ ಹಿಡಿದು, ಮುರಿದ ಬಳೆಯನ್ನ ಒಳಗಿಂದ ಎರಡು ಕಡೆ ಕುಯ್ಯಬೇಕು. ಇನ್ಸರ್ಟಿನ ಹೆಣ್ಣು (ಒಳಗಿನ) ಥ್ರೆಡ್ ತಾಗೋ ಮುಂಚೆ ನಿಲ್ಲಿಸಬೇಕು, ಅದೇ ಕೈಚಳಕ. ಹಳದಿ ಪುಡಿ ಉದುರ್ತಾ ಇದ್ದದ್ದು ನಿಧಾನಕ್ಕೆ ಕೆಂಪು ಪುಡಿ ಆಗುತ್ತೆ, ಸವೆದಿರೋ ಕಡೆ ಬ್ಲೇಡು ಬಿಸ್ಕತ್ತಿನಲ್ಲಿ ಹೋದಂಗೆ ಹೋಗುತ್ತೆ. ಆಮೇಲೆ ಸಣ್ಣ ಸ್ಕ್ರೂಡ್ರೈವರ್ ಸಂದಿಗೆ ಕೊಟ್ಟು ಒಳಮುಖಕ್ಕೆ ತಟ್ಟಿದರೆ ಬಳೆ ಮಡಚಿಕೊಂಡು ಬರುತ್ತೆ. ಎಕ್ಸ್‌ಟ್ರ್ಯಾಕ್ಟರ್ ಇದ್ದರೆ ಇನ್ನೂ ಸಲೀಸು. ಬೆಂಕಿ ಮಾತ್ರ ತೋರಿಸಬಾರದು, ಹಿಂದೆ ಇರೋದು ಪ್ಲಾಸ್ಟಿಕ್.

ಈಗ ಮುಖ್ಯವಾದ್ದು. ಟಾರ್ಚ್ ಹಾಕಿ ಗೋಡೆಯೊಳಗಿನ ಇನ್ಸರ್ಟ್ ನೋಡಿ. ಥ್ರೆಡ್ ಹಳದಿ ಇದ್ದು ಚೂಪಾಗಿದ್ದರೆ ಹೊಸ ನಿಪ್ಪಲ್ ಹಾಕಿ ಮುಗಿಸಿ. ಕೆಂಪಗಾಗಿ, ಮೊಳೆಯಲ್ಲಿ ಗೀಚಿದರೆ ಉದುರಿದರೆ, ಆ ಒಂದು ಎಲ್ಬೋ ಬದಲಾಯಿಸಬೇಕು. ಅದಕ್ಕೆ ಒಂದು ಟೈಲ್ ಸಾಕು. ಸಿಪಿವಿಸಿ ಪೈಪಿಗೆ ಈ ರೋಗ ಬರಲ್ಲ ಸಾರ್, ಅದರಲ್ಲಿ ಸತು ಎಲ್ಲಿಂದ ಬರಬೇಕು? ಮೂರು ಬಾತ್‌ರೂಮ್ ಒಡೀಬೇಕು ಅಂದೋರು ಯಾವ ಜಾಯಿಂಟ್ ಬಿಚ್ಚಿ ನೋಡಿ ಹೇಳಿದ್ರು ಅಂತ ಕೇಳಿ.

ಟೆಫ್ಲಾನ್ ಟೇಪ್ ಸುತ್ತೋದು: ಗಂಡು ಥ್ರೆಡ್ಡಿನ ಬಾಯಿ ನಿಮ್ಮ ಕಡೆ ಇರಲಿ, ಗಡಿಯಾರದ ಮುಳ್ಳು ಹೋಗೋ ಕಡೆ ಎಳೆದು ಬಿಗಿಯಾಗಿ ಸುತ್ತಿ, ಮೊದಲನೇ ಸುತ್ತು ಥ್ರೆಡ್ ಬಿಟ್ಟು. ಕೈಯಲ್ಲಿ ಹೋಗೋವರೆಗೂ ಕೈ, ಆಮೇಲೆ ಪಾನಾದಲ್ಲಿ ಒಂದು ಒಂದೂವರೆ ಸುತ್ತು. ಟ್ಯಾಪ್ ನೆಟ್ಟಗೆ ನಿಲ್ಲಲಿಲ್ಲ ಅಂತ ಹಿಂದಕ್ಕೆ ತಿರುಗಿಸಬಾರದು. ತಿರುಗಿಸಿದರೆ ಬಿಚ್ಚಿ ಮತ್ತೆ ಟೇಪ್. ಹಳೇ ಮೇಸ್ತ್ರಿಗಳು ನಾರು, ಬಿಳಿ ಪೇಂಟು ಹಾಕ್ತಾರೆ. ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿಗೆ ಅದು ಚೆನ್ನಾಗಿತ್ತು, ಸಿಪಿವಿಸಿಗೆ ಬೇಡ. ನಾರು ಉಬ್ಬಿ ಪ್ಲಾಸ್ಟಿಕ್ ಸೀಳುತ್ತೆ, ಕೆಲವು ಎಣ್ಣೆ ಪೇಂಟು ಸಿಪಿವಿಸಿಯನ್ನೇ ಬಿರುಕು ಬಿಡಿಸುತ್ತೆ.

ಎಲ್ಲ ಆದ ಮೇಲೆ ಜಾಯಿಂಟ್ ಒರೆಸಿ ಒಣಗಿಸಿ, ಹಳೇ ಪತ್ರಿಕೆ ತುಂಡು ಸುತ್ತಿ ರಾತ್ರಿ ಬಿಡಿ. ಕಣ್ಣಿಗೆ ಕಾಣದ ತೇವ ಕಾಗದದ ಮೇಲೆ ಕಾಣುತ್ತೆ.

ಧಾರವಾಡ_ಪೇಡೆ

ಭಾರಿ ಬರದ್ರಿ ಅಣ್ಣಾರ. ಒಂದ ಸೇರಸ್ತೀನಿ. ಹನಿ ಎಷ್ಟು ಅಂತ ತಿಳೀಬೇಕಂದ್ರ ಕೆಳಗ ತಂಬಗಿ ಇಟ್ಟು ಒಂದು ತಾಸು ಬಿಡ್ರಿ. ಕಾಲು ಲೀಟರ್ ತುಂಬಿದ್ರ ದಿನಕ್ಕ ಆರು ಲೀಟರ್. ಗ್ವಾಡಿ ಒಳಗ ಸೋರಾಕ ಹತ್ತಿದ್ರ ತಂಬಗಿ ಇಡಾಕ ಆಗಂಗಿಲ್ಲ. ಆಗ ರಾತ್ರಿ ಎಲ್ಲಾ ನಳ ಬಂದ್ ಮಾಡಿ ಮ್ಯಾಲಿನ ಟ್ಯಾಂಕಿನ ನೀರಿಗೆ ಗುರ್ತು ಹಾಕಿ, ಮುಂಜಾನೆ ನೋಡ್ರಿ. ಇಳದಿದ್ರ ಕಮೋಡ್ ಫ್ಲಶ್ ಮೊದಲ ಚೆಕ್ ಮಾಡ್ರಿ, ಭಾಳ ಸಲ ಕಳ್ಳ ಅದs ಇರ್ತೈತಿ.

ನಾಗರಭಾವಿ_ನಿವಾಸಿ

ಬಿಚ್ಚಿಸಿದ್ವಿ. ಬೇಸಿನ್ ಕೆಳಗಿನ ಬಿಸಿನೀರಿನ ನಿಪ್ಪಲ್ ಪಾನಾ ತಾಗಿದ ಕೂಡಲೇ ತುಂಡಾಯ್ತು. ತುಂಡಿನ ಅಂಚಿನಲ್ಲಿ ಹೊರಗಡೆ ಬರೀ ಕಾಗದದಷ್ಟು ಹಳದಿ, ಉಳಿದದ್ದೆಲ್ಲ ಕೆಂಪು. ತಣ್ಣೀರಿನದು ಅರ್ಧ ಹೋಗಿದೆ. ಗೋಡೆಯೊಳಗಿನ ಇನ್ಸರ್ಟ್‌ಗಳು ತಣ್ಣೀರಿನ ಕಡೆ ಚೆನ್ನಾಗಿವೆ. ಬಿಸಿನೀರಿನದು ಸ್ವಲ್ಪ ಕೆಂಪಾಗಿದೆ, ಥ್ರೆಡ್ ಮಾತ್ರ ಗಟ್ಟಿ. ಅದನ್ನು ಹಾಗೇ ಬಿಟ್ಟು ಹೊಸ ನಿಪ್ಪಲ್ ಹಾಕಿದ್ದೇವೆ. ಮೂರು ಬಾತ್‌ರೂಮ್ ಪ್ಲಂಬರ್‌ಗೆ ಫೋನ್ ಮಾಡಿ ಬೇಡ ಅಂದೆ.

ನೀರಿನ ರಿಪೋರ್ಟ್ ಕೂಡ ಬಂತು. ಬೋರ್‌ವೆಲ್ ಕ್ಲೋರೈಡ್ 250 ದಾಟಿದೆ. ಉಳಿದ ಕಡೆ ಏನು ಹಾಕಿಸಲಿ? ಸ್ಟೀಲ್ ನಿಪ್ಪಲ್ ಚೆನ್ನಾಗಿರುತ್ತೆ ಅಂತ ಅಂಗಡಿಯಲ್ಲಿ ಹೇಳಿದರು.

ಭದ್ರಾವತಿ_ಫೌಂಡ್ರಿ

304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸತುವಿನ ಗೋಳಿಲ್ಲ, ಆದರೆ ಕ್ಲೋರೈಡ್ ಹೆಚ್ಚಿದ್ದು ಬಿಸಿನೀರಾದರೆ ಅದಕ್ಕೂ ಸೂಜಿ ತೂತು ಬೀಳಬಹುದು. 316 ಇನ್ನೂ ತಡೆಯುತ್ತೆ, ಬೆಲೆಯೂ ಹಾಗೇ. ಬಿಸಿನೀರಿನ ಕಡೆ 316 ಅಥವಾ ಡಿಜೆಡ್‌ಆರ್, ತಣ್ಣೀರಿಗೆ 304 ಸಾಕು. ಹಿತ್ತಲು, ಬಟ್ಟೆ ಒಗೆಯುವ ಕಡೆ ಪಿಟಿಎಂಟಿ ಪ್ಲಾಸ್ಟಿಕ್ ನಲ್ಲಿ ಹಾಕಿ ಮರೆತುಬಿಡಿ. ಬಿಸಿಲಲ್ಲಿ ಬಣ್ಣ ಹೋಗುತ್ತೆ, ಕೆಲಸ ನಿಲ್ಲಲ್ಲ. ಹಳೇ ಜಿಐ ಪೈಪಿಗೆ ನೇರವಾಗಿ ಹಿತ್ತಾಳೆ ಸೇರಿಸಿದ ಕಡೆ ಇದ್ದರೆ ಗಮನಿಸಿ, ಅಲ್ಲಿ ತುಕ್ಕು ತಿನ್ನುವುದು ಜಿಐ ಕಡೆ.

ಸಾಫ್ಟ್‌ನರ್ ತೆಗೆಸಬೇಕಾಗಿಲ್ಲ. ರಿನ್ಸ್ ಸಮಯ ಹೆಚ್ಚಿಸಿ. ಬೈಪಾಸ್ ವಾಲ್ವಿನಲ್ಲಿ ಸ್ವಲ್ಪ ಗಡಸು ನೀರು ಬೆರೆಯುವ ಹಾಗೆ ಬಿಡಿಸಿ, ಪೂರ್ತಿ ಸೊನ್ನೆ ಗಡಸುತನ ಬೇಡ.

ಪಾನಾ_ಪಕ್ಕಡ್

ಬಿಸಿನೀರಿನ ಆ ಇನ್ಸರ್ಟ್ ಕೆಂಪಾಗಿದೆ ಅಂದ್ರಲ್ಲ, ಆ ಜಾಗದ ಮುಂದೆ ಕಪಾಟು ಗಿಪಾಟು ಹಾಕಿ ಮುಚ್ಚಬೇಡಿ. ಆರು ತಿಂಗಳಿಗೊಮ್ಮೆ ಪೇಪರ್ ಸುತ್ತಿ ನೋಡಿ. ಅದೇ ಬಣ್ಣದ ಟೈಲ್ ಎರಡು ಈಗಲೇ ಹುಡುಕಿ ಇಟ್ಟುಕೊಳ್ಳಿ, 2011ರ ಡಿಸೈನ್ ಇನ್ನು ಸಿಗೋದೇ ಕಷ್ಟ.

ಎಚ್ಚರಿಕೆ_ಗಂಟೆ

ಮುರಿದ ಹಿತ್ತಾಳೆ ಗುಜರಿಗೆ ಹಾಕಿದ್ರಾ? ಹಿತ್ತಾಳೆ ರೇಟಿಗೇ ತಗೊಂಡನಾ ಇಲ್ಲ ತಾಮ್ರದ ರೇಟ್ ಕೊಟ್ಟನಾ?

ನಾಗರಭಾವಿ_ನಿವಾಸಿ

ಕ್ರೋಮ್ ಇದೆ ಅಂತ ಹಿತ್ತಾಳೆ ರೇಟೂ ಕೊಡಲಿಲ್ಲ ಸಾರ್.